ಹಸಿರು ಬಾಗಿಲಿನ ಕೋಳಿಗೂಡು

ಕಂಡಕ್ಟರಕ್ಕ ನಮ್ಮ ಬೀದಿಯ ಏಳು ಮನೆಗಳಿಗೆ ಇನ್ನೂ ಮೊಟ್ಟೆ ಬಾಕಿ ಇಟ್ಟುಕೊಂಡಿದ್ದಾಳೆ. ಎಷ್ಟು ಎಂದು ನನ್ನನ್ನು ಕೇಳಬೇಡಿ, ಲೆಕ್ಕ ಅವಳ ತಲೆಯಲ್ಲಿದೆ. ಬಸ್ಸಿನಲ್ಲಿ ಚಿಲ್ಲರೆ ಉಳಿದವರ ಮುಖಗಳನ್ನೆಲ್ಲ ನೆನಪಿಟ್ಟುಕೊಂಡು, ಅವರು ಇಳಿಯುವ ಮುಂಚೆ ಕೈಗಿಡುತ್ತಿದ್ದ ಹೆಂಗಸು ಅವಳು. ಏಳು ಮನೆಯವರಲ್ಲಿ ಒಬ್ಬರೂ ಇವತ್ತು ಆ ಮೊಟ್ಟೆ ಕೇಳುವುದಿಲ್ಲ. ಆದರೂ ಬಾಕಿ ಬಾಕಿಯೇ ಎನ್ನುತ್ತಾಳೆ.

ಬಾಕಿ ಬಿದ್ದ ಬಗೆಯನ್ನು ಬರೆಯಲು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. "ಬರೀರಿ ಅಣ್ಣ, ಆದ್ರೆ ನನ್ನನ್ನ ದೇವತೆ ಗೀವತೆ ಮಾಡ್ಬೇಡಿ, ವಾಕರಿಕೆ ಬರುತ್ತೆ" ಅಂದಳು. ಮಾಡುವುದಿಲ್ಲ.

ನಮ್ಮದು ಊರಿನ ಅಂಚು. ಬಸ್ಸಿನ ಕೊನೆಯ ಸ್ಟಾಪಿನಿಂದಾಚೆ, ಒಂದೇ ಅಚ್ಚಿನಲ್ಲಿ ಒತ್ತಿ ತೆಗೆದಂತಿರುವ ಮನೆಗಳ ಸಾಲು. ಮುಂದೆ ಒಂದು ಗೇಟು, ಹಿಂದೆ ಬಟ್ಟೆ ಒಣಗಿಸುವಷ್ಟು ಹಿತ್ತಲು. ಕಟ್ಟಿಸಿದವರು ಹಿತ್ತಲಿಗೂ ಸಿಮೆಂಟು ಬಳಿದೇ ಕೊಟ್ಟಿದ್ದರು, ಮಣ್ಣು ಕಂಡರೆ ಮನೆ ಮಾರಾಟವಾಗುವುದಿಲ್ಲವೇನೋ ಎನ್ನುವ ಹಾಗೆ. ನನ್ನ ಎದುರು ಮನೆಗೆ ಕಂಡಕ್ಟರಕ್ಕ ಬಂದ ವಾರವೇ ಅವಳ ಗಂಡ ಹಾರೆ ಹಿಡಿದು ಆ ಸಿಮೆಂಟನ್ನು ಒಡೆಯಲು ಶುರು ಮಾಡಿದ. ಅವನು ಬಡಗಿ. ಮಾತು ಕಡಿಮೆ. ಏನಾದರೂ ಕೇಳಿದರೆ ಕಿವಿಯ ಮೇಲಿನ ಪೆನ್ಸಿಲು ತೆಗೆದು ನೋಡಿ, ಮತ್ತೆ ಸಿಕ್ಕಿಸಿಕೊಂಡು, "ನೋಡೋಣ" ಅನ್ನುತ್ತಾನೆ.

ಅವಳನ್ನು ನಾನು ಮೊದಲು ನೋಡಿದ್ದು ಈ ಬೀದಿಯಲ್ಲಲ್ಲ, ಬಸ್ ಡಿಪೋ ಗೇಟಿನ ಮುಂದೆ. ಕೊನೆಯ ಸ್ಟಾಪಿನಲ್ಲಿ ಹೆಂಗಸರಿಗೆ ಶೌಚಾಲಯ ಬೇಕು ಎಂದು ಧರಣಿ ಕೂತಿದ್ದೆವು. ಮ್ಯಾನೇಜರು ಹೊರಗೆ ಬಂದು, ಸಂಸ್ಥೆಯ ಗೌರವ, ಮಹಿಳೆಯರ ಘನತೆ ಎಂದು ಭಾಷಣಕ್ಕೆ ತೊಡಗಿದಾಗ ಇವಳು ಎದ್ದು ನಿಂತು, "ಸಾರ್, ಮೊದಲು ಉಚ್ಚೆ ಹೊಯ್ಯೋಕೆ ಜಾಗ ಕೊಡಿ, ಆಮೇಲೆ ಘನತೆ ಬಗ್ಗೆ ಮಾತಾಡೋಣ" ಅಂದಳು. ಡಿಪೋಗೆ ಡಿಪೋನೇ ನಕ್ಕಿತು. ಶೌಚಾಲಯ ಬಂತು. ನನ್ನ ಬದುಕಿನಲ್ಲಿ ಗೆದ್ದ ಹೋರಾಟಗಳು ಕಡಿಮೆ, ಅದರಲ್ಲಿ ಇದೊಂದು.

ವರ್ಷಗಟ್ಟಲೆ ಡೀಸೆಲ್ ಹೊಗೆ ಕುಡಿದ ಎದೆ ಗೊರಗೊರ ಅನ್ನತೊಡಗಿದ ಮೇಲೆ ಅವಳು ಕೆಲಸ ಬಿಟ್ಟಳು. ಅಷ್ಟರಲ್ಲಿ ಮಗಳೂ ಎರಡೂವರೆ ವರ್ಷದ ಮೊಮ್ಮಗಳೂ ಇವರ ಮನೆಗೇ ಬಂದಿದ್ದರು. ಅಳಿಯ ಲಾರಿ ಓಡಿಸುತ್ತಾನೆ, ಮನೆಗೆ ಬರುವುದು ಅಪರೂಪ. ಮಗಳು ಬ್ರೆಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾಳೆ. ಹಗಲಿಡೀ ಪುಟ್ಟಿ ಅಜ್ಜಿಯ ಸೆರಗಿಗೆ ಅಂಟಿಕೊಂಡಿರುತ್ತಾಳೆ. "ಇಷ್ಟು ವರ್ಷ ಹೊಗೆ ತಿಂದದ್ದು ನಾನು. ಈ ಮಗು ತಿನ್ನೋದು ನಾವು ಬೆಳೆದದ್ದನ್ನೇ" ಎಂದು ಕಂಡಕ್ಟರಕ್ಕ ತೀರ್ಮಾನ ಮಾಡಿದಳು. ಅವಳು ತೀರ್ಮಾನ ಮಾಡಿದರೆ ಮುಗಿಯಿತು, ಡಬಲ್ ಬೆಲ್ ಹೊಡೆದ ಹಾಗೆ. ಬಸ್ಸು ಹೊರಟೇ ಹೋಗುತ್ತದೆ.

ಆ ಮನೆಗೆ ಒಂದೇ ಕಾನೂನು: ಗೇಟಿನಿಂದ ಹೊರಗೆ ಕಸ ಹೋಗಬಾರದು. ಸ್ನಾನದ ನೀರು ಕುಂಬಳದ ಬಳ್ಳಿಗೆ. ತರಕಾರಿ ಸಿಪ್ಪೆ ಕೋಳಿಗೆ. ಕೋಳಿಯ ಹಿಕ್ಕೆ, ಅದರ ಕಾಲಡಿಯ ಮರದ ಪುಡಿ, ಎಲ್ಲ ಗೊಬ್ಬರದ ಗುಂಡಿಗೆ. ಗುಂಡಿಯದು ಸೊಪ್ಪು, ಬೀನ್ಸ್, ಟೊಮೆಟೊ ಪಾತಿಗೆ. ಹಳೇ ಪ್ಯಾಂಟು ಹರಿದರೆ ಚೀಲ, ಚೀಲ ಹರಿದರೆ ಒರೆಸುವ ಬಟ್ಟೆ, ಅದೂ ಹರಿದರೆ ಟೊಮೆಟೊ ಗಿಡಕ್ಕೆ ಕಟ್ಟುವ ದಾರ. ಮಗಳು ಒಮ್ಮೆ ನೆಗಡಿ ಬಂದು ಮೂಗು ಒರೆಸಿಕೊಳ್ಳುತ್ತ, "ಅಮ್ಮ, ಈ ಮನೇಲಿ ಸೀನಬೇಕಾದ್ರೂ ಯಾವ್ದಾದ್ರೂ ಗಿಡದ ಬುಡಕ್ಕೇ ಸೀನಬೇಕಾ?" ಎಂದು ಕೇಳಿದ್ದಳು.

"ಬದನೆ ಗಿಡದ ಹತ್ರ ಹೋಗು. ಅದಕ್ಕೆ ನೀರು ಸಾಲ್ತಿಲ್ಲ" ಅಂದಳು ತಾಯಿ, ತಲೆ ಎತ್ತದೆ.

ಕೋಳಿಗೂಡು ಕಟ್ಟಿದ್ದು ಬಡಗಿ. ಹೊಸ ಮರ ತರುವುದು ಕಾನೂನಿಗೆ ವಿರುದ್ಧ. ಆಗ ಪೇಟೆಯ ಕಡೆ ಯಾವುದೋ ಹಳೇ ಶಾಲೆಯನ್ನು ಕೆಡವಿದ್ದರು. ಅದರ ಬಾಗಿಲುಗಳು ಗುಜರಿ ಅಂಗಡಿಗೆ ಬಂದಿದ್ದವು. ಕೈ ಬಡಿದರೆ ಟಣ್ ಅನ್ನುವ ಮರ, ಮೇಲೆ ಪದರ ಪದರವಾಗಿ ಹಸಿರು ಪೇಂಟು. ಅದನ್ನು ತಳ್ಳುಗಾಡಿಯಲ್ಲಿ ತಂದ ದಿನ ಅವನ ಮುಖ ನೋಡಬೇಕಿತ್ತು, ಹೊಸ ಮದುವೆ ಗಂಡಿನ ಹಾಗಿತ್ತು. ಹಿತ್ತಲಲ್ಲೇ ಕೂತು ಪೇಂಟು ಕೆರೆದ, ಸ್ಯಾಂಡ್ ಪೇಪರಿನಲ್ಲಿ ಉಜ್ಜಿದ, ಸಂದಿಗೊಂದಿಯಲ್ಲಿ ಹೋಗದ್ದನ್ನು ಹಾಗೇ ಬಿಟ್ಟ. ಕೋಳಿಗಳು ಮೈಯ ಹೇನು ಕಳೆದುಕೊಳ್ಳಲು ಬೂದಿ, ಒಣಮಣ್ಣಿನಲ್ಲಿ ಹೊರಳಾಡುತ್ತವೆ. ಅದಕ್ಕೆಂದು ಗೂಡಿನಲ್ಲಿ ಬಿಟ್ಟಿದ್ದ ಮೂಲೆಗೆ ಪುಡಿ ಮಣ್ಣು ಸಾಲದೆ ಬಂದಿತ್ತು. ಉಜ್ಜಿದ ಪುಡಿ, ಕೆರೆದ ಚೂರು, ಎಲ್ಲವನ್ನೂ ಗುಡಿಸಿ ಅವನು ಆ ಮೂಲೆಗೇ ಸುರಿದ. ಗೇಟಿನಾಚೆ ಹಾಕುವಂತಿಲ್ಲವಲ್ಲ. ಆ ಮನೆಯ ಕಾನೂನನ್ನು ಅವನಷ್ಟು ನಿಷ್ಠೆಯಿಂದ ಪಾಲಿಸಿದವರು ಯಾರೂ ಇಲ್ಲ.

ಕೋಳಿಗಳು ಬಂದ ಮೇಲೆ ಬೀದಿಯ ಕಾರ್ನರ್ ಮನೆಯ ಅಧ್ಯಕ್ಷರು ಎದ್ದು ಕೂತರು. ನಿವಾಸಿಗಳ ಸಂಘಕ್ಕೆ ಅವರೇ ಅಧ್ಯಕ್ಷರು, ಬ್ಯಾಂಕಿನಿಂದ ನಿವೃತ್ತಿಯಾದ ಮೇಲೆ ಬೈಯಲು ಕೈಕೆಳಗೆ ಯಾರೂ ಇಲ್ಲದೆ ಒದ್ದಾಡುತ್ತಿದ್ದವರು. ಕೋಳಿ ವಾಸನೆ, ಕೋಳಿ ಸದ್ದು, ಮನೆಯ ಬೆಲೆ ಇಳಿಯುತ್ತದೆ ಎಂದು ನಗರಸಭೆಗೆ ದೂರು ಕೊಟ್ಟರು. ನೋಟಿಸು ಬಂತು. ನಾವು ಕೆಲವರು ಸೇರಿ ನಗರಸಭೆಯ ಮೆಟ್ಟಿಲ ಮೇಲೆ ಕೂತೆವು. ಕಂಡಕ್ಟರಕ್ಕ ಬುಟ್ಟಿಯಲ್ಲಿ ಒಂದು ಚುಕ್ಕೆ ಕೋಳಿಯನ್ನೂ ತಂದಿದ್ದಳು. ಟಿಕೆಟ್ ತಪಾಸಣೆಯವರ ಹಾಗೆ ಎಲ್ಲರ ಕಾಲ ಬುಡವನ್ನೂ ಕುಕ್ಕಿ ನೋಡುವ ಆ ಕೋಳಿಗೆ ಅವಳು ಇಟ್ಟ ಹೆಸರು ಚೆಕಿಂಗಮ್ಮ. ಅಧಿಕಾರಿಯ ಬೂಟಿನ ಲೇಸನ್ನು ಚೆಕಿಂಗಮ್ಮ ಎಳೆದ ಮೇಲೆ ಮಾತು ಸಡಿಲವಾಯಿತು. ಹುಂಜ ಬೇಡ, ಹತ್ತು ಹನ್ನೆರಡು ಹೇಂಟೆ ಇರಲಿ ಎಂದು ಅನುಮತಿ ಸಿಕ್ಕಿತು.

ಅದಾದ ಮೇಲೆ ಬೀದಿಯಲ್ಲಿ ಒಂದು ವಾಡಿಕೆ ಬಿತ್ತು. ಬೆಳಿಗ್ಗೆ ಮನೆ ಮನೆಯವರು ಸಿಪ್ಪೆಯ ಬಕೆಟ್ಟನ್ನು ಕಂಡಕ್ಟರಕ್ಕನ ಗೇಟಿಗೆ ನೇತುಹಾಕುವುದು, ವಾರದ ಕೊನೆಗೆ ಅದೇ ಬಕೆಟ್ಟಿನಲ್ಲಿ ಮೊಟ್ಟೆ ತೆಗೆದುಕೊಂಡು ಹೋಗುವುದು. ಹೀಗೆ ಸೇರಿಕೊಂಡದ್ದು ಏಳು ಮನೆ, ಬೀದಿಯ ಕೊನೆಯ ಟೈಲರನ ಮನೆಯೂ ಸೇರಿ. ಏಳನೆಯದು ಅಧ್ಯಕ್ಷರದೇ. ಅವರಲ್ಲ, ಅವರ ಹೆಂಡತಿ. ಗಂಡ ವಾಕಿಂಗ್ ಹೋದ ಹೊತ್ತು ನೋಡಿ ಬಕೆಟ್ಟು ತರುತ್ತಿದ್ದರು. "ನಮ್ಮೋರಿಗೆ ಆಮ್ಲೆಟ್ ಎಲ್ಲಿಂದ ಬರುತ್ತೆ ಅನ್ನೋದು ಗೊತ್ತಾಗದಿದ್ರೆ ಸಾಕು" ಅನ್ನುತ್ತಿದ್ದರು.

ಇಷ್ಟೆಲ್ಲ ಚೆನ್ನಾಗಿ ನಡೆದಿರುವಾಗ ಪುಟ್ಟಿ ಊಟ ಬಿಡತೊಡಗಿದಳು.

ಹೊಟ್ಟೆ ನೋವು ಅನ್ನುವಳು, ಕೂತಲ್ಲೇ ಕೂರುವಳು, ಮಾತೆತ್ತಿದರೆ ರೇಗುವಳು. ಮುಖ ಬಿಳಿಚಿಕೊಂಡಿತ್ತು. ಮಕ್ಕಳ ಡಾಕ್ಟರು ರಕ್ತ ಕಡಿಮೆಯಾಗಿರಬೇಕು ಎಂದು ಪರೀಕ್ಷೆಗೆ ಬರೆದರು. ಆ ಡಾಕ್ಟರಮ್ಮ ಎಚ್ಚರದ ಹೆಂಗಸು, ಸೀಸದ ಪರೀಕ್ಷೆಯನ್ನೂ ಸೇರಿಸಿದ್ದರು. ಮಗುವಿನ ರಕ್ತದಲ್ಲಿ ಇರಲೇಬಾರದ ಸೀಸ ಇತ್ತು, ಚೆನ್ನಾಗಿಯೇ ಇತ್ತು.

"ಮನೆಯ ಗೋಡೆಗೆ ಹಳೇ ಬಣ್ಣ ಇದೆಯಾ? ನೀರಿನ ಪೈಪು ಹಳೇದಾ?" ಡಾಕ್ಟರು ಕೇಳಿದರು.

"ಮನೆ ಹೊಸದು ಮೇಡಂ, ಪೈಪು ಪ್ಲಾಸ್ಟಿಕ್ಕು. ಹೊರಗಿನ ಒಂದು ಬಿಸ್ಕತ್ತು ಸಹ ನಾವು ಈ ಮಗೂಗೆ ಕೊಡೋದಿಲ್ಲ" ಅಂದಳು ಕಂಡಕ್ಟರಕ್ಕ. ಅವಳ ದನಿಯಲ್ಲಿ ಹೆದರಿಕೆಗಿಂತ ಅವಮಾನ ಹೆಚ್ಚಿತ್ತು.

ಸೀಸ ಎಲ್ಲಿಂದ ಬರುತ್ತಿದೆಯೆಂದು ಹುಡುಕಿ, ಆಟದ ಸಾಮಾನು ನೋಡಿ, ಅಷ್ಟರವರೆಗೆ ಮಗುವಿಗೆ ಹೊಟ್ಟೆ ತುಂಬ ಪೌಷ್ಟಿಕ ಆಹಾರ ಕೊಡಿ ಎಂದು ಡಾಕ್ಟರು ಹೇಳಿ ಕಳುಹಿಸಿದರು. ಪೌಷ್ಟಿಕ ಎಂದರೆ ಕಂಡಕ್ಟರಕ್ಕನಿಗೆ ಇನ್ನೇನು ಹೊಳೆಯಬೇಕು? ದಿನಕ್ಕೊಂದು ಮೊಟ್ಟೆ ತಿನ್ನುತ್ತಿದ್ದ ಮಗುವಿಗೆ ಎರಡು ತಿನ್ನಿಸಿದಳು. ಜೊತೆಗೆ ಹಿತ್ತಲಿನ ಸೊಪ್ಪು. ಬೇಡವೆಂದರೆ ಮೂಗು ಹಿಡಿದು ತುರುಕಿದಳು. ಆಟದ ಸಾಮಾನನ್ನೆಲ್ಲ ಮೂಟೆ ಕಟ್ಟಿಟ್ಟಳು, ಹಾಲಿನ ಪಾತ್ರೆ ಬದಲಾಯಿಸಿದಳು, ಮಗಳ ಬಳೆಗಳನ್ನೂ ಬಿಡಲಿಲ್ಲ.

ಮುಂದಿನ ತಿಂಗಳ ಪರೀಕ್ಷೆಯಲ್ಲಿ ಸೀಸ ಇನ್ನೂ ಏರಿತ್ತು.

ಆ ದಿನ ಮಗಳು ಕೂಗಾಡಿದಳು. "ನಿನ್ನ ಕೈಲಿ ಮಗೂನ ಕೊಟ್ಟು ಹೋದ್ರೆ ಹೀಗಾಗುತ್ತಾ ಅಮ್ಮ? ನಾನು ಕೆಲ್ಸ ಬಿಡ್ಲಾ ಹಾಗಾದ್ರೆ?" ಒಂದಿಡೀ ಬಸ್ಸಿನ ಜನವನ್ನು ಒಂದು ಹುಬ್ಬಿನಲ್ಲಿ ಸುಮ್ಮನಾಗಿಸುತ್ತಿದ್ದವಳು ಮಗುವಿನ ಬಟ್ಟೆ ಮಡಿಸುತ್ತ ಕೂತಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು.

ಮಗುವಿಗೆ ಸೂಪು ಮಾಡಿಕೊಡೋಣ ಎಂದು ಹೊಳೆದದ್ದು ಅವಳಿಗೇ. ಚೆಕಿಂಗಮ್ಮ ಮೊಟ್ಟೆ ನಿಲ್ಲಿಸಿ ಬಹಳ ದಿನವಾಗಿತ್ತು. ಆ ಮನೆಯಲ್ಲಿ ಯಾರೂ ಕೂತು ತಿನ್ನುವಂತಿಲ್ಲ, ಕೋಳಿಯೂ ಅಷ್ಟೇ. ಕುಯ್ಯುವ ಕೆಲಸ ಬಡಗಿಯದು. ಹಿತ್ತಲ ಕಲ್ಲಿನ ಮೇಲೆ ಪುಕ್ಕ ತೆಗೆದು, ಹೊಟ್ಟೆ ಬಗೆದು, ಒಳಗಿನದನ್ನು ಬೇರೆ ಮಾಡುತ್ತಿದ್ದ. ಕೋಳಿಗೆ ಹಲ್ಲಿಲ್ಲ. ಕಾಳು ಅರೆಯಲು ಸಣ್ಣ ಸಣ್ಣ ಕಲ್ಲು ಹೆಕ್ಕಿ ನುಂಗಿ ಹೊಟ್ಟೆಯೊಳಗೆ ಒಂದು ಗಟ್ಟಿ ಚೀಲದಲ್ಲಿಟ್ಟುಕೊಂಡಿರುತ್ತದೆ. ಆ ಚೀಲವನ್ನು ಸೀಳಿ ನೀರಿನಲ್ಲಿ ಅಲುಬಿದಾಗ ತಟ್ಟೆಯ ತಳದಲ್ಲಿ ಕಲ್ಲಿನ ಜೊತೆ ಹಸಿರು ಚೂರುಗಳು ಕಂಡವು. ಕಲ್ಲಿಗೆ ಉಜ್ಜಿ ಉಜ್ಜಿ ಅಂಚು ಸವೆದು, ಮಣಿಗಳ ಹಾಗೆ ನುಣ್ಣಗಾಗಿದ್ದವು.

ತಾನೇ ಕೆರೆದ ಬಣ್ಣ ಅವನಿಗೆ ಗುರುತು ಸಿಗದೆ ಇರುತ್ತದೆಯೇ?

"ಇವಳೇ," ಅಂದ. "ಬಾ ಇಲ್ಲಿ. ಒಲೆ ಆರಿಸಿ ಬಾ."

ಅವಳು ಬಂದು ತಟ್ಟೆ ನೋಡಿದಳು. ಗೂಡಿನ ಬಾಗಿಲು ನೋಡಿದಳು. ಗೂಡಿನ ಮೂಲೆಯಲ್ಲಿ ಉಳಿದ ಕೋಳಿಗಳು ಹಸಿರು ಪುಡಿಯಲ್ಲಿ ಹಾಯಾಗಿ ಹೊರಳುತ್ತಿದ್ದವು. ಪಾತಿಯ ಕಡೆ ನೋಡಿದಳು. ಬಿಡಿಸಿ ಹೇಳಲು ಏನೂ ಉಳಿದಿರಲಿಲ್ಲ. ಹಳೇ ಪೇಂಟಿನ ಸೀಸ ಕೋಳಿಗೆ, ಕೋಳಿಯಿಂದ ಮೊಟ್ಟೆಗೆ, ಹಿಕ್ಕೆಯ ಜೊತೆ ಗೊಬ್ಬರಕ್ಕೆ, ಗೊಬ್ಬರದಿಂದ ಪಾತಿಗೆ. ಯಾವುದೂ ಗೇಟು ದಾಟದ ಹಾಗೆ ಅವಳು ಕಟ್ಟಿದ್ದ ಚಕ್ರದಲ್ಲಿ ವಿಷವೂ ಗೇಟು ದಾಟದೆ ಸುತ್ತುತ್ತಿತ್ತು. ಗೇಟು ದಾಟಿದ್ದು ಒಂದೇ ಒಂದು: ಏಳು ಬಕೆಟ್ಟುಗಳಲ್ಲಿ ಮೊಟ್ಟೆ.

ಮೊಟ್ಟೆಯಲ್ಲಿ ಸೀಸ ಇರುವುದನ್ನು ಲ್ಯಾಬಿನವರು ಖಚಿತ ಮಾಡಿದರು. ಡಾಕ್ಟರು ಬೈಯಲಿಲ್ಲ. ಇವತ್ತಿನಿಂದ ಮೊಟ್ಟೆ, ಸೊಪ್ಪು ನಿಲ್ಲಿಸಿ, ಮಗು ಹಿತ್ತಲಿಗೆ ಇಳಿಯದ ಹಾಗೆ ನೋಡಿಕೊಳ್ಳಿ, ನಿಧಾನಕ್ಕೆ ಇಳಿಯುತ್ತದೆ, ಆಗಾಗ ಕರೆತನ್ನಿ ಎಂದರು.

ಆ ಸಂಜೆ ಗಂಡ ಹೆಂಡತಿ ಅಡುಗೆಮನೆಯಲ್ಲಿ ಕೂತಿದ್ದರು. ನಾನು ಖಾಲಿ ಬಕೆಟ್ಟು ತರಲು ಹೋದವನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ನನ್ನದೂ ಆ ಏಳರಲ್ಲಿ ಒಂದು ಮನೆ. ಮೊದಲು ನನಗೇ ಹೇಳಿದಳು. ನಾನು ಅರವತ್ತು ದಾಟಿದ ಮುದುಕ, ನನ್ನ ಬಗ್ಗೆ ಅವಳಿಗೆ ಅಷ್ಟು ಚಿಂತೆ ಇರಲಿಲ್ಲ.

"ಹೋಗ್ಲಿ ಬಿಡು," ಅಂದ ಬಡಗಿ. "ಕೋಳಿ ಮೊಟ್ಟೆ ಇಡೋದು ನಿಲ್ಸಿದಾವೆ ಅನ್ನು. ಯಾರು ಬಂದು ಎಣಿಸ್ತಾರೆ? ಮೂಲೆ ನಾನು ಕ್ಲೀನ್ ಮಾಡ್ತೀನಿ."

"ತಿಂದಿರೋದು?"

"ತಿಂದಿದ್ದು ತಿಂದಾಯ್ತು. ಈಗ ಹೇಳಿದ್ರೆ ಹೊಟ್ಟೆಯಿಂದ ಆಚೆ ಬರುತ್ತಾ?" ಅವನು ಪೆನ್ಸಿಲು ತೆಗೆದ. ಈ ಸಲ ಕಿವಿಗೆ ಸಿಕ್ಕಿಸಲಿಲ್ಲ, ಮುಷ್ಟಿಯಲ್ಲೇ ಹಿಡಿದುಕೊಂಡ. "ಈ ಬೀದೀಲಿ ಅರ್ಧ ಜನದ ಬಾಗಿಲು, ಕಿಟಕಿ ಮಾಡಿದೋನು ನಾನು. ನಾಳೆಯಿಂದ ನನ್ನ ಕೈಲಿ ಒಂದು ಸ್ಟೂಲು ಮಾಡಿಸಲ್ಲ ಕಣೇ."

ಅದು ಸುಳ್ಳು ಭಯವೇನಲ್ಲ. ಅವಳಿಗೂ ಗೊತ್ತಿತ್ತು. ಅಧ್ಯಕ್ಷರು ಏನನ್ನುತ್ತಾರೆ, ನಗರಸಭೆಯ ಮೆಟ್ಟಿಲು ಹತ್ತಿ ಗೆದ್ದ ಅನುಮತಿ ಏನಾಗುತ್ತದೆ, ಎಲ್ಲ ಗೊತ್ತಿತ್ತು.

"ರೀ," ಅಂದಳು ಕೊನೆಗೆ. "ಟೈಲರ್ ಹೆಂಡ್ತಿಗೆ ಈಗ ಎಷ್ಟು ತಿಂಗಳು?"

ಬಡಗಿ ಎದ್ದು ಅವಳ ಚಪ್ಪಲಿ ತಂದು ಬಾಗಿಲ ಹತ್ತಿರ ಇಟ್ಟ.

ಬಸ್ಸಿನಲ್ಲಿ ಟಿಕೆಟ್ ಕೊಡುವಾಗ ಕಂಡಕ್ಟರಕ್ಕ ಯಾವಾಗಲೂ ಹಿಂದಿನ ಸೀಟಿನಿಂದ ಶುರು ಮಾಡುತ್ತಿದ್ದಳು. ಮುಂದಿನವರು ತಾವಾಗಿ ಕೈಚಾಚುತ್ತಾರೆ, ತಪ್ಪಿಸಿಕೊಳ್ಳುವವರು ಹಿಂದೆ ಇರುತ್ತಾರೆ ಎಂದು ಅವಳ ಲೆಕ್ಕ. ಆ ಸಂಜೆಯೂ ಬೀದಿಯ ಕೊನೆಯ ಮನೆಗೆ ಮೊದಲು ಹೋದಳು. ಆದರೆ ಇಲ್ಲಿ ತಪ್ಪಿಸಿಕೊಳ್ಳಬಹುದಾಗಿದ್ದವಳು ಅವಳೇ. ಕೊನೆಯ ಮನೆಯಲ್ಲಿದ್ದದ್ದು ಟೈಲರು, ಅವನ ಬಸುರಿ ಹೆಂಡತಿ.

ಟೈಲರು ಮಶೀನಿನ ಮೇಲಿಂದ ಏಳಲಿಲ್ಲ. "ಬನ್ನಿ ಅಕ್ಕ, ಈ ವಾರ ಮೊಟ್ಟೆ ನೀವೇ ತಂದ್ಬಿಟ್ರಾ?"

"ಮೊಟ್ಟೆ ಇಲ್ಲ. ಮನೇಲಿ ಉಳಿದಿದ್ರೆ ಅದನ್ನೂ ಕೊಟ್ಬಿಡಿ, ಒಡೆದು ಹಾಕ್ಬೇಕು." ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಪೇಂಟು, ಕೋಳಿ, ಪುಟ್ಟಿಯ ರಕ್ತ. ನನ್ನ ಗಂಡ ಎನ್ನಲಿಲ್ಲ, ನಾವು ಎಂದಳು.

ಮಶೀನು ನಿಂತಿತು. "ಏನಮ್ಮಾ ನೀವು!" ಅಕ್ಕ ಎನ್ನುತ್ತಿದ್ದವನು ಅಮ್ಮಾ ಎಂದ. "ನಿಮ್ಮನ್ನ ನಂಬಿ ನಾವು ಅಂಗಡಿ ಮೊಟ್ಟೆ ಬಿಟ್ವಿ! ಇವಳಿಗೆ ದಿನಾ ನಾನೇ ಬೇಯ್ಸಿ ಕೊಟ್ಟೆ! ಒಳ್ಳೇದು, ಒಳ್ಳೇದು ಅಂತ!"

"ಹೌದು. ನಾನೂ ನನ್ನ ಮಗೂಗೆ ಹಾಗೇ ಕೊಟ್ಟೆ."

"ನಿಮ್ಮ ಮಗೂಗೆ ಕೊಟ್ರೆ ನಮ್ಮದು ಸರಿಹೋಯ್ತಾ?"

"ಇಲ್ಲ" ಅಂದಳು.

ಟೈಲರನ ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಿಗೊರಗಿ ಕೇಳುತ್ತಿದ್ದಳು. "ನೀವ್ ಸ್ವಲ್ಪ ಸುಮ್ನಿರ್ರಿ" ಎಂದು ಗಂಡನಿಗೆ ಹೇಳಿ, ಇವಳ ಕಡೆ ತಿರುಗಿದಳು. "ಆ ಡಾಕ್ಟರು ಎಷ್ಟು ಹೊತ್ತಿಗೆ ಬರ್ತಾರೆ ಅಕ್ಕ? ಬೆಳಿಗ್ಗೆ ನನ್ನ ಜೊತೆ ಬರ್ತೀರಾ?"

"ಬರ್ತೀನಿ. ಬೆಳಿಗ್ಗೆ ಮೊದಲನೇ ಬಸ್ಸಿಗೆ."

ಹೀಗೆ ಒಂದೊಂದೇ ಬಾಗಿಲು ಬಡಿಯುತ್ತ ಬಂದಳು. ಒಬ್ಬರು ಅತ್ತರು, ಒಬ್ಬರು ಪರವಾಗಿಲ್ಲ ಬಿಡಿ ಎಂದರು, ಒಬ್ಬರು ಬಾಗಿಲನ್ನು ಮುಖಕ್ಕೆ ಹಾಕಿದರು. ಒಬ್ಬೊಬ್ಬರ ಸಿಪ್ಪೆಗೆ ಕೊಡಬೇಕಿದ್ದ ಮೊಟ್ಟೆಯನ್ನು ಬಾಕಿ ಎಂದು ಲೆಕ್ಕ ಹಿಡಿದುಕೊಂಡಳು. ಕೊನೆಗೆ ಕಾರ್ನರ್ ಮನೆ. ಅಧ್ಯಕ್ಷರು ಸೋಫಾದಿಂದ ಎದ್ದು, "ನಾನು ಆವತ್ತೇ ಹೇಳಿದ್ನಲ್ಲ, ಕೋಳಿ ಬೇಡ ಅಂತ!" ಎಂದು ಗೆದ್ದವರ ದನಿ ತೆಗೆದರು.

"ಸಾರ್, ನೀವು ಹೇಳಿದ್ದು ವಾಸನೆ ಬಗ್ಗೆ. ಇದಕ್ಕೆ ವಾಸನೆ ಇರ್ಲಿಲ್ಲ. ನೀವೂ ತಿಂದಿದೀರಿ, ಪರೀಕ್ಷೆ ಮಾಡಿಸ್ಕೊಳಿ."

"ನಾನೆಲ್ಲಿ ತಿಂದೆ?"

ಅವರ ಹೆಂಡತಿ ಅಡುಗೆಮನೆಯಿಂದಲೇ ಹೇಳಿದರು: "ಆಮ್ಲೆಟ್."

ಟೈಲರನ ಹೆಂಡತಿಯ ರಕ್ತದಲ್ಲಿ ಸ್ವಲ್ಪ ಸಿಕ್ಕಿತು. ಹೆದರಬೇಡಿ, ಆದರೆ ಹೆರಿಗೆಯವರೆಗೂ ಕಣ್ಣಿಟ್ಟಿರಬೇಕು ಎಂದರು ಡಾಕ್ಟರು. ಟೈಲರು ಇವತ್ತಿಗೂ ಕಂಡಕ್ಟರಕ್ಕನ ಜೊತೆ ಮಾತಾಡುವುದಿಲ್ಲ. ಹೆಂಡತಿಯನ್ನು ಮಾತ್ರ ಪರೀಕ್ಷೆಗೆ ಅವಳ ಜೊತೆಯೇ ಕಳುಹಿಸುತ್ತಾನೆ. ಪುಟ್ಟಿಯ ರಕ್ತದ ಸೀಸ ಮೆಲ್ಲಗೆ ಇಳಿಯುತ್ತಿದೆ. ಮೊನ್ನೆ ತಟ್ಟೆಯನ್ನು ನೆಲಕ್ಕೆ ಬಡಿದು ಇನ್ನೊಂದು ರೊಟ್ಟಿ ಬೇಕೆಂದು ಹಟ ಮಾಡಿದಳಂತೆ. ಮನೆಯವರೆಲ್ಲ ಅಡುಗೆಮನೆಯಲ್ಲಿ ನಿಂತು ಆ ಹಟವನ್ನು ನೋಡಿದರಂತೆ, ಯಾರೂ ಗದರಲಿಲ್ಲವಂತೆ.

ಬಡಗಿ ಮುಖಕ್ಕೆ ಬಟ್ಟೆ ಕಟ್ಟಿ, ಧೂಳೇಳದ ಹಾಗೆ ನೀರು ಚಿಮುಕಿಸಿ, ಗೂಡಿನ ಮಣ್ಣು, ಪಾತಿಯ ಮಣ್ಣು, ಗುಂಡಿಯ ಗೊಬ್ಬರ ಎಲ್ಲವನ್ನೂ ಕೆರೆದು ಮೂಟೆ ಕಟ್ಟಿದ. ನಗರಸಭೆಯ ಕಸದ ಗಾಡಿಯವರು ಮುಟ್ಟುವುದಿಲ್ಲ ಎಂದರು. ಮೂಟೆಗಳು ಟಾರ್ಪಾಲಿನಡಿ ಕೂತಿವೆ. ಅವನ ಭಯವೂ ಅರ್ಧ ನಿಜವಾಯಿತು, ಕೆಲಸ ಕಡಿಮೆಯಾಗಿದೆ. ಬಿಡುವಿದ್ದಾಗ ಗುಜರಿ ಅಂಗಡಿಯ ಮುಂದೆ ಹೋಗಿ ನಿಲ್ಲುತ್ತಾನೆ. ಹಿತ್ತಲ ಪಾತಿಗೆ, ಮಕ್ಕಳ ಜೋಕಾಲಿಗೆ ಎಂದು ಹಳೇ ಬಾಗಿಲು ಕೇಳಿಕೊಂಡು ಈಗ ಕಾರಿನಲ್ಲಿ ಜನ ಬರುತ್ತಾರೆ. ಮಾತೇ ಬಾರದ ಅವನು ಒಬ್ಬೊಬ್ಬರನ್ನೂ ನಿಲ್ಲಿಸಿ, "ಪೇಂಟಿದ್ರೆ ಬೇಡ" ಅನ್ನುತ್ತಾನೆ. ಅಂಗಡಿಯವನು ಅವನನ್ನು ಎರಡು ಸಲ ತಳ್ಳಿಸಿದ್ದಾನೆ. ಮತ್ತೆ ಹೋಗಿದ್ದಾನೆ.

ಕಂಡಕ್ಟರಕ್ಕ ಹೋದದ್ದು ಆರೋಗ್ಯ ಕಚೇರಿಗೆ. ನಮ್ಮ ಬೀದಿಯ ಮಕ್ಕಳಿಗೆಲ್ಲ ಸೀಸದ ಪರೀಕ್ಷೆ ಬಿಟ್ಟಿಯಾಗಿ ಮಾಡಿ, ಮಣ್ಣನ್ನೂ ನೋಡಿ ಎಂದು ಕೇಳಿದಳು. ಕಾಯಿಲೆಯ ಲಕ್ಷಣ ಕಂಡ ಮಗುವಿಗೆ ಮಾತ್ರ ಎಂದರು.

"ಲಕ್ಷಣ ಕಾಣೋ ಹೊತ್ತಿಗೆ ತಿಂದು ಮುಗಿದಿರುತ್ತೆ ಸಾರ್" ಅಂದಳು. "ನಮ್ಮ ಮಗೂಗೆ ಹಾಗೇ ಆಯ್ತು." ಅವರು ಸೊಪ್ಪು ಹಾಕಲಿಲ್ಲ. ಈಗ ದಿನಾ ಬೆಳಿಗ್ಗೆ ಅಲ್ಲಿಯ ಬೆಂಚಿನ ಮೇಲೆ ಹೋಗಿ ಕೂರುತ್ತಾಳೆ. ಘೋಷಣೆ ಕೂಗುವುದಿಲ್ಲ, ಅವಳ ಎದೆಗೆ ಅಷ್ಟು ಗಾಳಿ ಇಲ್ಲ. ಬಂದ ತಾಯಂದಿರನ್ನೆಲ್ಲ ಪಕ್ಕಕ್ಕೆ ಕೂರಿಸಿಕೊಂಡು, ನಿಮ್ಮ ಹಿತ್ತಲಲ್ಲಿ ಏನಿದೆ ಎಂದು ಕೇಳುತ್ತಾಳೆ.

ನೀವು ಇದನ್ನು ಓದುತ್ತಿದ್ದೀರಿ ಎಂದರೆ ನಿಮ್ಮ ಮನೆಯಲ್ಲೂ ಎರಡು ಕುಂಡ ಇರಬಹುದು, ಒಂದು ಪಾತಿ ಇರಬಹುದು, ಮಕ್ಕಳಿಗೆ ಒಳ್ಳೆಯದು ತಿನ್ನಿಸಬೇಕು ಎನ್ನುವ ಆಸೆ ಇರಬಹುದು. ಇರಲಿ, ಬಿಡಬೇಡಿ, ಬೆಳೆಯಿರಿ. ಆದರೆ ಈಗ ಪುಸ್ತಕ ಮಡಿಸಿ, ಹೊರಗೆ ಹೋಗಿ, ನಿಮ್ಮ ಪಾತಿಯ ಹಲಗೆ ಎಲ್ಲಿಂದ ಬಂತು, ಅದರ ಮೇಲಿನ ಬಣ್ಣ ಯಾವ ಕಾಲದ್ದು ಎಂದು ನೋಡಿ. ಗೊತ್ತಿಲ್ಲದಿದ್ದರೆ ಕಿತ್ತು ದೂರವಿಡಿ. ಆಮೇಲೆ ನಿಮ್ಮ ಮಗುವನ್ನು ಎತ್ತಿಕೊಂಡು ನಿಮ್ಮೂರಿನ ಆರೋಗ್ಯ ಕಚೇರಿಗೆ ಹೋಗಿ, ಪರೀಕ್ಷೆ ಮಾಡಿ ಎಂದು ಕೇಳಿ. ಇಲ್ಲ ಎಂದರೆ ಎದ್ದು ಬರಬೇಡಿ, ಅಲ್ಲಿಯ ಬೆಂಚಿನ ಮೇಲೆ ಕೂರಿ. ಹೋಗುತ್ತೀರೋ ಇಲ್ಲವೋ, ಅಷ್ಟು ಹೇಳಿ.